ಗ್ರೇಡ್ ಇರುವ ಕಲೆ, ಗ್ರೇಡ್ ಇಲ್ಲದ ಕಲೆ

ಬೆಂಗಳೂರಿನ ದುಬಾರಿ ಶಾಲೆಗಳಲ್ಲಿ ಐಬಿ ಡಿಪ್ಲೊಮಾ ಓದುವ ಮಕ್ಕಳಿಗೆ ಕಲೆ ಶನಿವಾರ ಮಧ್ಯಾಹ್ನದ ಕಾಲಕ್ಷೇಪವಲ್ಲ. ನಾಟಕವನ್ನೋ ಚಿತ್ರಕಲೆಯನ್ನೋ ಭೌತಶಾಸ್ತ್ರದ ಸಮಕ್ಕೆ ಪರೀಕ್ಷೆಯ ವಿಷಯವಾಗಿ ಆರಿಸಿಕೊಳ್ಳಬಹುದು. ಆರಿಸಿಕೊಳ್ಳದವರೂ ಸೃಜನಶೀಲತೆ, ಚಟುವಟಿಕೆ, ಸೇವೆ ಎಂಬ ಭಾಗವನ್ನು ಪೂರೈಸದೆ ಡಿಪ್ಲೊಮಾ ಪಡೆಯುವಂತಿಲ್ಲ. ಇದರ ಮೇಲೆ ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ ಸಂಗೀತ ಪರೀಕ್ಷೆಗಳಿವೆ. ಅವುಗಳಲ್ಲಿ 6ರಿಂದ 8ನೇ ಗ್ರೇಡ್ ಪಾಸಾದವರಿಗೆ ಬ್ರಿಟನ್ನಿನ ವಿಶ್ವವಿದ್ಯಾಲಯ ಪ್ರವೇಶಕ್ಕೆ ಬಳಸುವ ಯುಕಾಸ್ ಅಂಕಗಳೇ ಸಿಗುತ್ತವೆ. ನಮ್ಮ ಎಸ್ಸೆಸ್ಸೆಲ್ಸಿಯ ಅಂಕಗಳಾದರೋ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಲ್ಲೇ ಮುಗಿದುಹೋಗುತ್ತವೆ.

ಹೀಗಾಗಿ ಉಳ್ಳವರ ಶಾಲೆಯ ಕಲಾಶಿಕ್ಷಣ ಅವರ ಮೇಲುಗೈಯನ್ನೇ ಮುಂದಿನ ತಲೆಮಾರಿಗೆ ದಾಟಿಸುತ್ತದೆ ಎಂಬ ದೂರನ್ನು ತಳ್ಳಿಹಾಕುವುದು ಕಷ್ಟ. ಇದನ್ನು ಗಟ್ಟಿಯಾಗಿ ಹೇಳಿದವನು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡ್ಯೂ. 1930ರಲ್ಲಿ ಹಳ್ಳಿಯೊಂದರಲ್ಲಿ ಹುಟ್ಟಿದ, ಅಂಚೆ ನೌಕರನ ಮಗ. ಮನೆಯಲ್ಲಿ ಕಲಿತುಬಂದ ಮಾತಿನ ಧಾಟಿ, ಅಭಿರುಚಿ, ನಾಲ್ಕು ಜನರ ಮುಂದೆ ನಿಲ್ಲುವ ಸಲೀಸುತನ ಇವನ್ನು ಶಾಲೆ ಹುಟ್ಟು ಪ್ರತಿಭೆಯೆಂದು ಓದಿಕೊಳ್ಳುತ್ತದೆ ಎಂಬುದು ಅವನ ವಾದ. ಆ ಮಗುವಿನ ಬೆನ್ನಿಗೆ ಹಣ, ಬಿಡುವು, ಓದಿದ ತಾಯ್ತಂದೆ ಇದ್ದದ್ದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಈ ವಾದ ನಮ್ಮಲ್ಲಿ ಇನ್ನೊಂದು ತಿರುವು ಪಡೆಯುತ್ತದೆ. ಸರ್ಕಾರಿ ಶಾಲೆಯ ಮಗುವಿಗೆ ಕಲೆಯೇ ಇಲ್ಲ ಎಂದುಕೊಳ್ಳುವುದು ತಪ್ಪು. ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸಿ ‘ಕುರುಕ್ಷೇತ್ರ’ ಆಡುತ್ತಾರೆ. ಅಲ್ಲಿ ಅಭಿಮನ್ಯು ಆಗುವ ಹುಡುಗ ಕಂದಪದ್ಯವನ್ನು ರಾಗ ಬಿಡದೆ ಹಾಡಬೇಕು, ಬೆಳಗಿನ ಜಾವದವರೆಗೆ ಕೂತ ಊರಿನ ಕಣ್ಣೆದುರು ಮಾತು ತಪ್ಪದೆ ನಿಲ್ಲಬೇಕು. ಆ ಶ್ರಮಕ್ಕೆ ಗ್ರೇಡ್ ಇಲ್ಲ, ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ. ಹೆಚ್ಚೆಂದರೆ ಪ್ರತಿಭಾ ಕಾರಂಜಿಯಲ್ಲಿ ಕೆಲವು ನಿಮಿಷ ಸಿಕ್ಕೀತು. ಪಿಯಾನೊ ಕಲಿತ ಮಗುವಿನ ಶ್ರಮವೂ ನಿಜವೇ. ಆದರೆ ಒಂದೇ ಬಗೆಯ ದುಡಿಮೆಗೆ ಒಂದು ಕಡೆ ಬೆಲೆ, ಇನ್ನೊಂದು ಕಡೆ ಬರೀ ಚಪ್ಪಾಳೆ ಎಂಬುದು ನನ್ನನ್ನು ನೋಯಿಸುವ ಸಂಗತಿ.

ಎದುರು ಪಕ್ಷದ ಮಾತನ್ನೂ ಅಷ್ಟೇ ಗಮನವಿಟ್ಟು ಕೇಳಬೇಕು. ಅಮೆರಿಕದ ಪಾಲ್ ಡಿಮ್ಯಾಜಿಯೊ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೈಸ್ಕೂಲು ಮಕ್ಕಳ ಕಲಾಸಕ್ತಿಯನ್ನೂ ಅಂಕಗಳನ್ನೂ ಹೋಲಿಸಿ ನೋಡಿದ. ಹುಡುಗರಲ್ಲಿ ಕಲೆಯ ಒಡನಾಟದಿಂದ ಹೆಚ್ಚು ಲಾಭವಾದದ್ದು ಕಡಿಮೆ ಓದಿದ ಮನೆಯವರಿಗೆ. ಹುಡುಗಿಯರಲ್ಲಿ ಫಲಿತಾಂಶ ಬೋರ್ಡ್ಯೂವಿನ ಕಡೆಗೇ ವಾಲಿತ್ತು. ಅಂದರೆ ಕಲೆ ಉಳ್ಳವರನ್ನಷ್ಟೇ ಎತ್ತುತ್ತದೆ ಎಂದು ಸಾರಾಸಗಟಾಗಿ ಹೇಳಲು ಬರುವುದಿಲ್ಲ, ಅದು ಏಣಿಯಾದದ್ದೂ ಉಂಟು.

ನಮ್ಮಲ್ಲೇ ನೋಡಿ. 1949ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ಹುಟ್ಟಿದ ನೀನಾಸಂ, ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ, 1980ರಲ್ಲಿ ಶುರುವಾದ ಅಲ್ಲಿಯ ರಂಗಶಿಕ್ಷಣ ಕೇಂದ್ರ: ಒಳ್ಳೆಯ ನಾಟಕ ನಗರದ ಸಿರಿವಂತರ ಸೊತ್ತಲ್ಲ ಎಂದು ಇವು ಮಾಡಿ ತೋರಿಸಿವೆ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟು ಹೈಸ್ಕೂಲು ಮಕ್ಕಳಿಗೆ ಹೆಜ್ಜೆ ಕಲಿಸಿ ಕಿಶೋರ ಯಕ್ಷಗಾನದಲ್ಲಿ ರಂಗಕ್ಕೇರಿಸುತ್ತದೆ. ಇನ್ನು, ರಂಗತರಬೇತಿ ಮುಗಿಸಿದ ಅನೇಕರ ಮನೆಯ ಒಲೆ ಉರಿಯುವುದು ಬೆಂಗಳೂರಿನ ಖಾಸಗಿ ಶಾಲೆಗಳು ಕೊಡುವ ಸಂಬಳದಿಂದ. ಆ ಶಾಲೆಗಳು ಕಲೆಯ ತರಗತಿ ಮುಚ್ಚಿದರೆ ಕಲಾವಿದರು ಬೀದಿಗೆ ಬೀಳುತ್ತಾರೆಯೇ ಹೊರತು ಹಳ್ಳಿಯ ಶಾಲೆಗೆ ಡ್ರಾಯಿಂಗ್ ಮೇಷ್ಟ್ರು ಬರುವುದಿಲ್ಲ. ಮಕ್ಕಳ ವಿಷಯದಲ್ಲೂ ಒಂದು ಮಾತು: ವಯೊಲಿನ್ ಹಿಡಿದ ಹತ್ತು ವರ್ಷದ ಹುಡುಗಿ ವರ್ಗಹಿತ ಕಾಯುತ್ತಿಲ್ಲ. ಅವಳಿಗೆ ನಾದ ಬೇಕಾಗಿದೆ, ಅಷ್ಟೆ.

ನನಗೆ ಕಾಣುವಂತೆ ದೂರು ಸರಿಯಾಗಿ ನಾಟುವುದು ತರಗತಿಯ ಮೇಲಲ್ಲ, ಪ್ರವೇಶದ ಬಾಗಿಲ ಮೇಲೆ. ಯಾವ ಕಲೆಯನ್ನು ಸಾಧನೆಯೆಂದು ಎಣಿಸಬೇಕು ಎಂದು ತೀರ್ಮಾನಿಸುವವರು ತಮಗೆ ಪರಿಚಯವಿರುವ ಕಲೆಯನ್ನೇ ಎಣಿಸುತ್ತಾರೆ. ಇದರ ಹೊಣೆ ಸರ್ಕಾರದ್ದೂ ಹೌದು. ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಚಿತ್ರಕಲೆ, ಸಂಗೀತ, ನಾಟಕ ಮೂರಕ್ಕೂ ಮೇಷ್ಟ್ರಿರುವ ಶಾಲೆ ಅಪರೂಪ.

ಹಾಗಾದರೆ ಎಸ್ಸೆಸ್ಸೆಲ್ಸಿಯಲ್ಲೂ ಕಲೆಗೆ ಅಂಕ ಕೊಡೋಣವೇ? ಕೊಟ್ಟರೆ ಮರುವರ್ಷವೇ ಅದಕ್ಕೂ ಟ್ಯೂಷನ್ ಹುಟ್ಟಿಕೊಳ್ಳುತ್ತದೆ, ದುಡ್ಡಿದ್ದವರೇ ಅಲ್ಲೂ ಮುಂದಾಗುತ್ತಾರೆ ಎಂಬ ಭಯ ಸುಳ್ಳಲ್ಲ. ಅದಕ್ಕೇ ನನ್ನ ಒಲವು ಮೊದಲು ಶಿಕ್ಷಕರ ಕಡೆಗೆ, ಆಮೇಲೆ ಅಂಕದ ಕಡೆಗೆ. ತಾಲ್ಲೂಕಿಗೊಬ್ಬರಲ್ಲ, ಪ್ರತಿ ಹೈಸ್ಕೂಲಿಗೂ ಕಾಯಂ ಸಂಬಳದ ಕಲಾಶಿಕ್ಷಕರು ಬರಲಿ. ಊರಿನ ಹಾರ್ಮೋನಿಯಂ ಮೇಷ್ಟ್ರನ್ನೂ ಗೌರವಧನ ಕೊಟ್ಟು ಶಾಲೆಯೊಳಕ್ಕೆ ಕರೆಯಲಿ. ಅಭಿಮನ್ಯುವಿನ ಪಾತ್ರಕ್ಕೆ ಎಷ್ಟು ಅಂಕವೆಂಬ ಜಗಳವನ್ನು ಆಮೇಲೆ ಆಡಬಹುದು.