ನಾಚುವ ಮೀನಿಗೂ ಒಂದು ಚೀಟಿ ಬೇಕು

"ಎಲ್ಲಪ್ಪಾ ನಿನ್ ಮೀನು? ಬರೀ ಕಲ್ಲೇ ಕಾಣ್ತದಲ್ಲ!"

ನಾಗಮಂಗಲದಿಂದ ಬಂದಿದ್ದ ಚಿಕ್ಕವ್ವ ನಮ್ಮ ಪಾಂಡವಪುರದ ಮನೆಯ ಗಾಜಿನ ತೊಟ್ಟಿಯ ಮುಂದೆ ಕೂತು ಕೇಳಿದಳು. "ಒಸಿ ತಡಿ ಚಿಕ್ಕವ್ವ, ಬತ್ತದೆ" ಅಂದೆ. ಕಾಫಿ ಲೋಟ ಖಾಲಿಯಾಗುವ ಹೊತ್ತಿಗೆ ಕಲ್ಲಿನ ಸಂದಿಯಿಂದ ನೇರಳೆ ಬೆನ್ನಿನ, ಕಿತ್ತಳೆ ಪಕ್ಕೆಯ ಬೆರಳುದ್ದದ ಮೀನೊಂದು ಹೊರಬಂತು. ಪಾಚಿಯನ್ನು ಎರಡು ಸಲ ಕಚ್ಚಿತು, ನಮ್ಮ ಕಡೆ ನೋಡಿತು, ಒಳಗೆ ಹೋಯಿತು.

ಅದು ಕೋರಲ್ ಬ್ಯೂಟಿ, ಕಡಲಿನ ಕುಬ್ಜ ಏಂಜಲ್ ಮೀನು. ಬೆಳೆದರೂ 10 ಸೆಂಟಿಮೀಟರ್ ಆಸುಪಾಸು. ಹವಳದ ದಿಬ್ಬಗಳ ಸಂದಿಗೊಂದಿಯಲ್ಲಿ ಪಾಚಿ ಮೇಯ್ದು ಬದುಕುವ ಜೀವ. ಕಡಲಿನಿಂದ ಇಷ್ಟು ದೂರದ ಊರಿನಲ್ಲಿ ಅದನ್ನು ಸಾಕುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಎಲ್ಲಿಂದ ಬಂತೆಂದು ಕೇಳದೆ ಕೊಳ್ಳುವುದು ಮಾತ್ರ ಖಂಡಿತ ತಪ್ಪು. ಇದನ್ನು ನಾನು ಒಂದು ಜೀವ ಕಳೆದು ಕಲಿತೆ.

ಅದು ಇದರ ಹತ್ತಿರದ ನಂಟ. ಬಿಳಿ ಮೈ, ಹೊಟ್ಟೆಯ ಕಡೆ ಹಳದಿಗೆ ತಿರುಗುವ ಕಪ್ಪು ಪಟ್ಟೆಗಳು. ದಿಬ್ಬದ ಹೊರಗೋಡೆಯ ಮಬ್ಬು ಗವಿಗಳಲ್ಲಿ ಇರುವ, ಬಲು ನಾಚಿಕೆಯ ಮೀನು. ಅಪರೂಪದ್ದೆಂಬ ಆಸೆಗೆ ಅಂಗಡಿಯೊಂದರಿಂದ ತಂದೆ. ನೀರು ತುಂಬಿ ಆಗ ಮೂರು ವಾರವಾಗಿತ್ತಷ್ಟೆ, ಕಲ್ಲಿನ ಮೇಲೆ ಪಾಚಿ ಹುಟ್ಟಿರಲಿಲ್ಲ. ಹಾಕಿದ ಆಹಾರವನ್ನು ಅದು ಮುಟ್ಟಲೇ ಇಲ್ಲ. ಹನ್ನೊಂದನೆಯ ದಿನ ಸತ್ತಿತು. ಎಲ್ಲಿ ಹಿಡಿದದ್ದು, ಹೇಗೆ ಹಿಡಿದದ್ದು ಎಂದು ಫೋನ್ ಮಾಡಿ ಕೇಳಿದೆ. ಮಾರಿದವರಿಗೂ ಗೊತ್ತಿರಲಿಲ್ಲ.

ಗೊತ್ತಿರಲೇಬೇಕಾದ ಸಂಗತಿ ಅದು. ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಕಡಲುಗಳಲ್ಲಿ ಸಂದಿಯಲ್ಲಿ ಅಡಗುವ ಮೀನುಗಳ ಮೇಲೆ ಸಯನೈಡ್ ನೀರು ಚಿಮ್ಮಿಸಿ, ಮಂಪರು ಬರಿಸಿ ಹಿಡಿಯುವ ಕೆಟ್ಟ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಆ ವಿಷಕ್ಕೆ ಹವಳವೂ ಸಾಯುತ್ತದೆ.

ಎರಡನೆಯ ಮೀನಿಗೆ ಏಳು ತಿಂಗಳು ಕಾದೆ. ನಮ್ಮ ಬೋರ್‌ವೆಲ್ ನೀರು ಗಡಸು, ಆದ್ದರಿಂದ ಆರ್‌ಒ ನೀರು. ಲೀಟರಿಗೆ 35 ಗ್ರಾಂನಂತೆ 200 ಲೀಟರಿಗೆ 7 ಕೆ.ಜಿ. ಅಕ್ವೇರಿಯಂ ಉಪ್ಪು. ಆರಿಹೋದ ನೀರಿನ ಬದಲಿಗೆ ಸಿಹಿನೀರನ್ನೇ ಹಾಕಬೇಕು, ಏಕೆಂದರೆ ಉಪ್ಪು ಆರುವುದಿಲ್ಲ. ಕರೆಂಟ್ ಹೋದರೆ ಗಾಳಿ ಪಂಪಿಗೆ ಬ್ಯಾಟರಿ. ಕಡಲಿನ ಹವಳವನ್ನು ಕಿತ್ತು ತರಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆಯಿದೆ, ಹಾಗಾಗಿ ಕೃತಕ ಕಲ್ಲು. ಬದಲಿಸಿದ ಉಪ್ಪುನೀರನ್ನು ಹಿತ್ತಲಿಗೆ ಚೆಲ್ಲುವುದಿಲ್ಲ. ನಾಲೆ ಬಯಲಿನ ಜನಕ್ಕೆ ಚೌಳು ಮಣ್ಣಿನ ಕಷ್ಟ ಗೊತ್ತು. ಕಲ್ಲು ಹಸಿರಾಗಿ, ಅದರಲ್ಲಿ ಸಣ್ಣ ಹುಳುಗಳು ಓಡಾಡತೊಡಗಿದ ಮೇಲೆಯೇ ಮೀನು ಮನೆಗೆ ಬಂತು. ಅದೂ ಸಾಕಣೆಯಲ್ಲಿ ಹುಟ್ಟಿದ್ದೆಂಬ ಕಾಗದ ನೋಡಿದ ಮೇಲೆ.

ಅದು ದಿನವಿಡೀ ಕಾಣಿಸಿಕೊಳ್ಳಲಿ ಎಂದು ಕಲ್ಲು ತೆಗೆದರೆ ಹೆದರಿಕೆಗೇ ಸೊರಗುತ್ತದೆ. ಶ್ರೀರಂಗಪಟ್ಟಣದ ರಂಗನತಿಟ್ಟಿನಲ್ಲಿ ನಾವು ಈ ಪಾಠ ಎಂದೋ ಕಲಿತಿದ್ದೇವೆ. ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವಾದ ಜಾಗ ಅದು. ಅಲ್ಲಿ ಗೂಡಿನ ಹತ್ತಿರ ದೋಣಿಯವರು ಹುಟ್ಟು ಹಾಕುವುದನ್ನು ನಿಲ್ಲಿಸುತ್ತಾರೆ. ಹಕ್ಕಿಗೆ ಕೊಡುವ ಆ ದೂರವನ್ನು ಮೀನಿಗೂ ಕೊಡೋಣ.

ನನ್ನ ಒತ್ತಾಯ ಇಷ್ಟೆ. ಪ್ರಮಾಣಿತ ಬಿತ್ತನೆ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ಅದನ್ನು ನೋಡದೆ ನಮ್ಮ ರೈತರು ಬತ್ತದ ಬೀಜ ಕೊಳ್ಳುವುದಿಲ್ಲ. ಕಡಲ ಮೀನು ಮಾರುವ ಪ್ರತಿ ತೊಟ್ಟಿಯ ಮೇಲೂ ಅಂಥದೊಂದು ಚೀಟಿ ಬರಲಿ: ಸಾಕಣೆಯಲ್ಲಿ ಹುಟ್ಟಿದ್ದೇ, ಕಡಲಲ್ಲಿ ಹಿಡಿದದ್ದೇ, ಹಿಡಿದದ್ದಾದರೆ ಎಲ್ಲಿ, ಹೇಗೆ? ಇದೇನೂ ಆಗದ ಮಾತಲ್ಲ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸಿದೆ. ಕುಬ್ಜ ಏಂಜಲ್‌ಗಳ ಮರಿಗಳನ್ನೂ ಹವಾಯಿಯಲ್ಲಿ ಫ್ರಾಂಕ್ ಬೇನ್ಶ್ ಬೆಳೆಸಿ ತೋರಿಸಿದ್ದಾರೆ. ಸರ್ಕಾರ ನಿಯಮ ಮಾಡಲಿ. ಅಲ್ಲಿಯವರೆಗೆ ಕೊಳ್ಳುವವರೇ ಕೇಳಲಿ, ಉತ್ತರ ಸಿಗದಿದ್ದರೆ ಬರಿಗೈಲಿ ಬರಲಿ.

ಕೆ.ಆರ್. ಪೇಟೆಯಲ್ಲಿರುವ ಚಿಕ್ಕವ್ವನ ಮೊಮ್ಮಗ ಈಗ ತನಗೂ ಅಂಥದೇ ಮೀನು ಬೇಕೆನ್ನುತ್ತಿದ್ದಾನೆ. ಮೊದಲು ನೀರು, ಕಲ್ಲು ಹದವಾಗಲಿ ಎಂದಿದ್ದೇನೆ. ಅವನ ತೊಟ್ಟಿಗೆ ಈಗ ಎರಡು ತಿಂಗಳು. ದಿನಾ ಸಂಜೆ ಬರೀ ಕಲ್ಲು ನೋಡುತ್ತಾ ಕೂರುತ್ತಾನಂತೆ.