ದೂರವಾಣಿಯಲ್ಲಿ ಸೇರುವ ಸಭೆ

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಇಗರ್ಜಿಗಳ ಬಾಗಿಲು ಮುಚ್ಚಿತು. ಧರ್ಮಕೇಂದ್ರಗಳ ಸಭಾಂಗಣಗಳಲ್ಲಿ ಸೇರುತ್ತಿದ್ದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ನಿಂತವು. ಮೇ 4ರಂದು ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದವು. ಇಗರ್ಜಿ ತೆರೆಯಲು ಮತ್ತೂ ಒಂದು ತಿಂಗಳಿಗಿಂತ ಹೆಚ್ಚು ಕಾಯಬೇಕಾಯಿತು. ಆ ಅವಧಿಯಲ್ಲಿ ಕುಡಿತ ತೊರೆದ ಎಷ್ಟೋ ಮಂದಿಯನ್ನು ಕೈಹಿಡಿದದ್ದು ಆನ್‌ಲೈನ್ ಸಭೆಗಳು. ಅವು ಇಂದಿಗೂ ನಡೆಯುತ್ತಿವೆ. "ಮೊಬೈಲಿನಿಂದ ಕುಡಿತ ಬಿಡಿಸಲಾದೀತೇ?" ಎಂದು ಮೂಗು ಮುರಿಯುವವರು ನಮ್ಮಲ್ಲಿದ್ದಾರೆ. ದಿವ್ಯ ಬಲಿಪೂಜೆಯನ್ನೇ ತಿಂಗಳುಗಟ್ಟಲೆ ಪರದೆಯ ಮೇಲೆ ಕಂಡ ನಾವು ಹೀಗೆ ಕೇಳುವುದು ವಿಚಿತ್ರವೇ ಸರಿ.

ಈ ಸಂಘದ ಹುಟ್ಟೇ ಒಂದು ದೂರವಾಣಿ ಕರೆಯಿಂದ ಆದದ್ದು. 1935ರಲ್ಲಿ ಅಮೆರಿಕದ ಆಕ್ರನ್ ನಗರದ ಹೋಟೆಲೊಂದರಲ್ಲಿ, ಕೆಲವೇ ತಿಂಗಳ ಹಿಂದೆ ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್ ಅವರಿಗೆ ಪಾನಗೃಹದ ಸೆಳೆತ ಮರುಕಳಿಸಿತು. ಅವರು ಅತ್ತ ಹೋಗದೆ ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಪಾದ್ರಿಯೊಬ್ಬರಿಗೆ ಕರೆ ಮಾಡಿದರು. ಅವರಿಗೆ ಬೇಕಾಗಿದ್ದುದು ಉಪದೇಶವಲ್ಲ, ಮಾತನಾಡಲು ಇನ್ನೊಬ್ಬ ಕುಡುಕ. ಹಾಗೆ ದೊರೆತವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. 1939ರಿಂದ ಅದೇ ನಗರದ ಸಂತ ತೋಮಸರ ಆಸ್ಪತ್ರೆಯಲ್ಲಿ ಮದ್ಯವ್ಯಸನಿಗಳನ್ನು ರೋಗಿಗಳೆಂದು ದಾಖಲಿಸಿಕೊಂಡು ಅವರಿಗೆ ನೆರವಾದವರು ಧರ್ಮಭಗಿನಿ ಇಗ್ನೇಷಿಯಾ.

ನಮ್ಮ ಊರುಗಳ ಸ್ಥಿತಿಯನ್ನು ನಾವು ಬಲ್ಲೆವು. ಸಭಾಂಗಣದ ಮೆಟ್ಟಿಲು ಹತ್ತಿದವನ ಸುದ್ದಿ ಅವನು ಇಳಿಯುವ ಮೊದಲೇ ವಾರ್ಡಿನ ಮನೆಮನೆಗೆ ತಲಪಿರುತ್ತದೆ. ಗಂಡಸು ಇದನ್ನು ಸಹಿಸಿಯಾನು. ಮನೆಯೊಳಗೆ ಗುಟ್ಟಾಗಿ ಕುಡಿಯುವ ತಾಯಿಯೊಬ್ಬಳು ಆ ಮೆಟ್ಟಿಲು ಹತ್ತುವಳೇ? ಅಂಥವಳ ಅಸ್ತಿತ್ವವನ್ನೇ ನಮ್ಮ ಸಮುದಾಯ ಒಪ್ಪುವುದಿಲ್ಲ. ಅವಳಿಗೂ, ಕೊಲ್ಲಿ ರಾಷ್ಟ್ರದ ಕೋಣೆಯಲ್ಲಿ ಒಬ್ಬಂಟಿಯಾಗಿರುವ ನಮ್ಮ ತರುಣನಿಗೂ ಕೈಯಲ್ಲಿರುವ ದೂರವಾಣಿಯೇ ತೆರೆದ ಬಾಗಿಲು.

ಇದರಿಂದ ಎಲ್ಲವೂ ಆಗುತ್ತದೆಂದು ನಾವು ಹೇಳುತ್ತಿಲ್ಲ. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಭ್ರಮೆ, ಅಪಸ್ಮಾರದಂಥ ಸೆಳವು ಬರಬಹುದು; ಪ್ರಾಣಕ್ಕೂ ಅಪಾಯವುಂಟು. ಅಂಥವರು ಮೊದಲು ಕಾಣಬೇಕಾದುದು ವೈದ್ಯರನ್ನು. ಪರದೆಯಾಚೆ ಕುಳಿತವರಿಗೆ ಈತನ ಬಾಯಿಯ ವಾಸನೆಯೂ ತಿಳಿಯದು.

ಇನ್ನು ನಮ್ಮ ಪಾಲಿನ ಮಾತು. ರೋಸ್, ಮದುವೆ, ನಾಮಕರಣ ಎಲ್ಲದರಲ್ಲೂ ಲೋಟ ತುಂಬುವವರು ನಾವೇ, ಬೇಡವೆಂದವನನ್ನು "ಒಂದು ಗುಟುಕಿಗೆ ಏನಾಗುತ್ತದೆ?" ಎಂದು ಕಾಡುವವರೂ ನಾವೇ. ಕುಡಿತ ಬಿಟ್ಟವನಿಗೆ ಆ ಒಂದು ಗುಟುಕಿನಲ್ಲೇ ಎಲ್ಲವೂ ಆಗುತ್ತದೆ. ದ್ರಾಕ್ಷಾರಸವಿಲ್ಲದೆ ಬಲಿಪೂಜೆಯಿಲ್ಲ. ಆದರೂ ಮದ್ಯ ಸೇವಿಸಲಾಗದ ಯಾಜಕರು ಅನುಮತಿ ಪಡೆದು, ಹುದುಗುವಿಕೆಯನ್ನು ತಡೆದ ದ್ರಾಕ್ಷಾರಸವನ್ನು ಬಳಸಬಹುದೆಂದು ಧರ್ಮಸಭೆಯು 2003ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಬಲಿಪೀಠದಲ್ಲಿ ಸಲ್ಲುವ ಈ ವಿವೇಚನೆ ಮದುವೆಯ ಚಪ್ಪರದಲ್ಲಿ ಏಕೆ ಸಲ್ಲದು?

ಧರ್ಮಕೇಂದ್ರದ ಪ್ರಕಟಣಾ ಫಲಕದಲ್ಲಿ ಔತಣದ ಟಿಕೆಟಿಗೂ ಲಾಟರಿಗೂ ಸ್ಥಳವಿದೆ. ಅದರ ಮೂಲೆಯೊಂದರಲ್ಲಿ ಈ ಸಭೆಗಳ ವೇಳೆಯನ್ನೂ ಸೇರುವ ವಿಧಾನವನ್ನೂ ಬರೆದಿಡುವಂತೆ ಧರ್ಮಗುರುಗಳನ್ನು ನಾವು ವಿನಂತಿಸುತ್ತೇವೆ. ಯಾರು ಬರೆದುಕೊಂಡರೆಂದು ನೋಡುವುದು ಬೇಡ.