ಲೈಟ್ ಆಮ್ಯಾಲೆ, ಮೊದ್ಲ ಚಿಲ್ಲರ್

ಹುಬ್ಬಳ್ಳಿ-ಧಾರವಾಡದಾಗ ಯಾರರ ಉಪ್ಪುನೀರಿನ ಹವಳದ ತೊಟ್ಟಿ ಇಡ್ತೇನಿ ಅಂದ್ರ ಮಂದಿ ಮೊದ್ಲ ಕೇಳೋದು 'ಲೈಟ್ ಯಾವ್ದು?'. ನೀಲಿ ಎಲ್‌ಇಡಿ ಹಾಲ್‌ನಾಗ ಝಗಾ ಝಗಾ ಹೊಳಿಬೇಕು, ಬಂದ ಬೀಗರು ಬಾಯಿ ತಗೀಬೇಕು, ಅಷ್ಟ. ಮದ್ವಿ ಮಂಟಪಕ್ಕ ಸೀರಿಯಲ್ ಸೆಟ್ ಹಾಕಿ ಅಡಗಿಯವರಿಗೆ ಹೇಳೋದ ಮರ್ತಂಗ ಆತ ನೋಡ್ರಿ ಇದು.

ಹವಳ ಕಲ್ಲಲ್ಲ, ಪ್ರಾಣಿ. ಅದರ ಮೈಯಾಗಿನ ಪಾಚಿ ಬೆಳಕಿನಿಂದ ಅದಕ್ಕ ಊಟಾ ಮಾಡಿ ಹಾಕ್ತದ. ಲೈಟ್ ಬೇಕು, ಖರೇ. ಆದ್ರ ನೀರು 25-26 ಡಿಗ್ರಿ ಇರಬೇಕು. 30 ದಾಟಿ ಹಂಗ ನಿಂತ್ರ ಆ ಪಾಚಿ ಹೊರಗ ಬಿದ್ದು ಹವಳ ಬೆಳ್ಳಗಾಗ್ತದ. ಅಂಥಾದ್ರಾಗ ನಮ್ಮ ಮೇ ತಿಂಗಳ ಬಿಸಲು, ಮ್ಯಾಲೆ ಲೈಟಿನ ಕಾವು, ಪಂಪಿನ ಕಾವು!

'ಕರೆಂಟ್ ಹೋದ್ರ ಅವೇನ ಮಾಡ್ತಾವೋ?' ಅಂತ ಕೇಳಿದಾಕಿ ನಮ್ಮವ್ವ ಒಬ್ಬಾಕಿನ. ಲೈಟ್ ಇಲ್ಲದ ಹವಳ ಒಂದೆರಡ ದಿನಾ ತಡೀತದ. ನೀರು ತಿರಗೋದ ನಿಂತ್ರ ಮೀನು ತಾಸಿನಾಗ ಉಸಿರಿಗೆ ಒದ್ದಾಡ್ತಾವ.

'ಚಿಲ್ಲರ್ ಭಾಳ ತುಟ್ಟಿ' ಅಂತಾರ. ಲೈಟಿಗೆ ನೋಟು, ಚಿಲ್ಲರಿಗೆ ಚಿಲ್ಲರನೂ ಇಲ್ಲೇನು? 'ಸತ್ರ ಇನ್ನೊಂದ ತಂದ್ರಾತು' ಅನ್ನೋರೂ ಇದ್ದಾರ. ಅದೇನ ಸಂತ್ಯಾಗಿನ ಬದನಿಕಾಯೇನ್ರಿ? 1972ರ ವನ್ಯಜೀವಿ ಕಾಯ್ದೆಯೊಳಗ ಗಟ್ಟಿ ಹವಳ ಇರೋದು ಹುಲಿ ಇರೋ ಪಟ್ಟ್ಯಾಗ. ಅದನ್ನ ಮುಟ್ಟಲೇಬ್ಯಾಡ್ರಿ. ಮೆತ್ತನ ಹವಳಾ ತಂದ್ರೂ ಎಲ್ಲಿಂದ ಬಂತು ಅಂತ ಕೇಳಿ, ಬಿಲ್ ಇಸ್ಕೋರಿ.

ನಾ ಹೇಳೋ ಸಾಲು ಇಷ್ಟ: ಬೋರಿನ ನೀರಿಗೆ ಆರ್‌ಓ-ಡಿಐ, ಉಪ್ಪು ಅಳ್ಯಾಕ ರಿಫ್ರಾಕ್ಟೋಮೀಟರ್, ಚಿಲ್ಲರ್, ಪಂಪಿಗೆ ಬ್ಯಾಟರಿ. ಉಳದ ರೊಕ್ಕದಾಗ ಬರೋ ಸಾದಾ ಲೈಟ್ ಮೆತ್ತನ ಹವಳಕ್ಕ ಸಾಕು. ಬೀಗರಿಗೆ ಬೇಕಾದ್ರ ಚಹಾ ಕುಡಸ್ರಿ.